ದೊರೆಗೊಂದು ಲೋಡು

ಈ ಕಥೆಯನ್ನು ನಾನು ಮೊದಲು ಭಟ್ಕಳದಲ್ಲಿ ಕೇಳಿದಾಗ ಅದರಲ್ಲಿ ಒಂದು ಲಾರಿ ಇತ್ತು. ಹೊನ್ನಾವರದ ಬಸ್ ನಿಲ್ದಾಣದಲ್ಲಿ ಕೇಳಿದಾಗ ಲಾರಿಗಳು ಸಾಲಾಗಿ ನಿಂತಿದ್ದವು. ಕುಮಟಾದಲ್ಲಿ ಹೇಳಿದವರು ಲಾರಿಗಳ ಮುಂದೆ ಪೊಲೀಸರನ್ನೂ ಹಿಂದೆ ಒಂದು ಹಡಗನ್ನೂ ಸೇರಿಸಿದರು. ಕಥೆ ಹುಟ್ಟಿದ ಕಾಸರಕೋಡಿಗೇ ಹೋಗಿ ವಿಚಾರಿಸಿದಾಗ, ಲಾರಿ ಇರಲೇ ಇಲ್ಲವೆಂದೂ ಇದ್ದದ್ದು ಹೆಬ್ಬೆರಳಿನಷ್ಟು ಉದ್ದದ ಒಂದು ದಿಂಬೆಂದೂ ತಿಳಿಯಿತು. ಹುಟ್ಟಿದ ಊರನ್ನು ಬಿಟ್ಟು ದೂರ ಹೋದಂತೆಲ್ಲ ಕಥೆಗೆ ಚಕ್ರಗಳು ಮೂಡುವುದನ್ನು ನಾನು ಬೇರೆ ಕಡೆಗಳಲ್ಲೂ ಗಮನಿಸಿದ್ದೇನೆ. ಆದ್ದರಿಂದ ಇಲ್ಲಿ ಕಾಸರಕೋಡಿನ ಪಾಠವನ್ನೇ ಹಿಡಿದಿದ್ದೇನೆ. ಹಡಗಿನ ಅಭಿಮಾನಿಗಳು ಕ್ಷಮಿಸಬೇಕು.

ಮೊದಲಿಗೆ ಒಂದು ಶಬ್ದದ ವಿಚಾರ. ಲೋಡು ಎಂದರೆ ಗಾದಿಯ ಮೇಲೆ ಕೂತವರು ಬೆನ್ನಿಗೋ ಮೊಣಕೈಗೋ ಆನಿಸಿಕೊಳ್ಳುವ ಉರುಟು ದಿಂಬು. ಲೋಡು ಎಂದರೆ ಲಾರಿಯ ತುಂಬ ಹೇರಿದ ಮರಳು ಅಥವಾ ಕಲ್ಲು ಕೂಡ ಹೌದು. ಮೊದಲನೆಯದು ಮನುಷ್ಯ ಒರಗುವಂಥದ್ದು; ಎರಡನೆಯದು, ಹೊಳೆಯಲ್ಲಿ ಮರಳು ತೆಗೆಯುವುದಕ್ಕೆ ತಡೆ ಬಿದ್ದಿದ್ದ ಆ ವರ್ಷ, ಮನುಷ್ಯ ಕನಸಿನಲ್ಲಿ ಕಾಣುವಂಥದ್ದು. ರಮಾನಂದನು ಬಾಯಿ ತೆರೆಯುವವರೆಗೂ ಈ ಎರಡು ಅರ್ಥಗಳು ಒಂದೇ ಶಬ್ದದೊಳಗೆ ಜಗಳವಿಲ್ಲದೆ ಸಂಸಾರ ಮಾಡಿಕೊಂಡಿದ್ದವು.

ರಮಾನಂದನು ಕಾಸರಕೋಡಿನ ಒಂದು ಐಸ್ ಫ್ಯಾಕ್ಟರಿಯ ಮೇಸ್ತ್ರಿ. ಐಸಿನ ಗಟ್ಟಿಗಳನ್ನು ಪುಡಿ ಮಾಡುವ ಯಂತ್ರದ ಪಕ್ಕದಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದುದರಿಂದ ಅವನ ಮಾತು ಸದಾ ಆ ಯಂತ್ರದ ಸದ್ದನ್ನು ಮೀರುವ ಮಟ್ಟದಲ್ಲೇ ಇರುತ್ತಿತ್ತು. ಅವನು ಗುಟ್ಟು ಹೇಳಿದರೆ ಬಂದರಿನಲ್ಲಿ ಬಲೆ ಒಣಗಿಸುವವರು ತಲೆ ಎತ್ತಿ ನೋಡುತ್ತಿದ್ದರು. ಎರಡನೆಯ ಗುಣವೇನೆಂದರೆ, ತನಗೆ ಬಾರದ ಕೆಲಸವೊಂದು ಈ ಭೂಮಿಯ ಮೇಲೆ ಇದೆಯೆಂದು ಅವನಿಗೆ ಯಾರೂ ತಿಳಿಸಿರಲಿಲ್ಲ. ಹೆಂಡತಿ ಗಾಯತ್ರಿ ತಿಳಿಸಲು ಪ್ರಯತ್ನಿಸಿದ್ದಳು.

ಗಾಯತ್ರಿಗೆ ಗೊಂಬೆಗಳನ್ನು ಸಂಗ್ರಹಿಸುವ ಹವ್ಯಾಸ. ಸಾವಂತವಾಡಿಯ ಮರದ ಗೊಂಬೆ, ಕಿನ್ನಾಳದ ಗೊಂಬೆ, ಚನ್ನಪಟ್ಟಣದ ಬಣ್ಣದ ಗೊಂಬೆ, ಎಲ್ಲವೂ ಒಂದು ಗಾಜಿನ ಕಪಾಟಿನಲ್ಲಿ ಊರಿನವರಂತೆ ಒತ್ತಿಕೊಂಡು ನಿಂತಿದ್ದವು. ಅವುಗಳ ನಡುವೆ ನಿಲ್ಲದೆ ಕೂತವನು ಒಬ್ಬನೇ. ಕಿರೀಟವಿಟ್ಟು, ಕಾಲು ಮಡಚಿ, ಬಲಮೊಣಕೈಯನ್ನು ಪಕ್ಕಕ್ಕೆ ಚಾಚಿದ ಮರದ ಅರಸ. ಗಾಯತ್ರಿ ಅವನನ್ನು ದೊರೆ ಎಂದು ಕರೆಯುತ್ತಿದ್ದಳು. ಆ ಮೊಣಕೈಯ ಕೆಳಗೆ ನೀಲಿ ಬಟ್ಟೆಯ ಪುಟ್ಟ ಲೋಡೊಂದು ಇರುತ್ತಿತ್ತು.

ಈ ಗೊಂಬೆಗಳನ್ನು ನೋಡಲು ಇದುವರೆಗೆ ಯಾರೂ ಬಂದಿರಲಿಲ್ಲ. ಬಂದವರು ಕಪಾಟಿನ ಗಾಜಿನಲ್ಲಿ ತಮ್ಮ ಕೂದಲು ಸರಿಪಡಿಸಿಕೊಂಡು ಹೋಗಿದ್ದರು. ಹೀಗಿರುವಾಗ ಕುಮಟಾದ ಮಹಿಳಾ ಮಂಡಳದ ಅಧ್ಯಕ್ಷೆ ಪವಿತ್ರಾ ಟೀಚರು ತಮ್ಮ ಹವ್ಯಾಸ ಪ್ರದರ್ಶನಕ್ಕೆ ಅವಳನ್ನು ಕರೆದರು. ಆಮಂತ್ರಣ ಪತ್ರಿಕೆಯಲ್ಲಿ ‘ಗೊಂಬೆ ಸಂಗ್ರಹ: ಶ್ರೀಮತಿ ಗಾಯತ್ರಿ, ಕಾಸರಕೋಡ’ ಎಂದು ಅಚ್ಚಾಗಿತ್ತು. ಮದುವೆಯ ಕಾಗದದ ನಂತರ ತನ್ನ ಹೆಸರು ಅಚ್ಚಾದುದನ್ನು ಅವಳು ಕಂಡದ್ದು ಅದೇ ಮೊದಲು. ಆ ಪತ್ರಿಕೆಯನ್ನು ದೇವರ ಪಟದ ಹಿಂದೆ ಸಿಕ್ಕಿಸಿ, ದಿನಕ್ಕೊಮ್ಮೆ ಪಟ ಒರೆಸುವ ನೆಪದಲ್ಲಿ ತೆಗೆದು ಓದುತ್ತಿದ್ದಳು.

ಬುಧವಾರ ಅವಳು ಗೊಂಬೆಗಳ ಪೆಟ್ಟಿಗೆಯೊಂದಿಗೆ ಕುಮಟಾದ ತವರಿಗೆ ಹೊರಟಳು. ದೊರೆಯನ್ನು ಮಾತ್ರ ಬಿಟ್ಟಳು.

“ಪೆಟ್ಟಿಗೆಗೆ ಹಾಕಿದ್ರೆ ದೊರೆ ಕೈ ಮುರೀತದೆ. ಭಾನುವಾರ ನೀವು ಬರುವಾಗ ತೊಡೆ ಮೇಲೆ ಇಟ್ಕಂಡು ತನ್ನಿ. ಹತ್ತು ಗಂಟೆಗೆ ಶುರು. ಲೋಡು ಮರೀಬೇಡಿ.”

“ಲೋಡಂತೆ,” ಎಂದ ರಮಾನಂದ. “ಬೇಕಾದ್ರೆ ನಾನೇ ಒಂದು ಹೊಲಿದು ಹಾಕ್ತೆ. ಬಲೆ ಹೊಲಿದ ಕೈ ಇದು.”

“ನೀವು ಎಂತದೂ ಹೊಲಿಯೂದ್ ಬೇಡ. ತಂದ್ರೆ ಆತು.”

ಗುರುವಾರ ಬೆಳಿಗ್ಗೆ ಬೆಕ್ಕು ಮೀಸೆಯ ತುಂಬ ಹತ್ತಿ ಅಂಟಿಸಿಕೊಂಡು ಜಗಲಿಯಲ್ಲಿ ಕೂತಿತ್ತು. ಹಿಂದಿನ ದಿನ ಬಂಗಡೆ ತಿಂದ ಕೈಯಲ್ಲೇ ರಮಾನಂದನು ದೊರೆಯ ಕ್ಷೇಮ ವಿಚಾರಿಸಿ ಕಪಾಟು ಮುಚ್ಚಲು ಮರೆತಿದ್ದನೆಂದೂ, ಲೋಡಿಗೆ ಆ ಪರಿಮಳ ಹತ್ತಿತೆಂದೂ ಕಾಸರಕೋಡಿನವರು ಹೇಳುತ್ತಾರೆ. ಉಳಿದದ್ದು ಒಂದು ನೀಲಿ ಚಿಂದಿ. ಲೋಡಿಲ್ಲದ ದೊರೆ ಕಪಾಟಿನಲ್ಲಿ ಅಂಗಾತ ಬಿದ್ದು ಮನೆಯ ಮಾಡು ನೋಡುತ್ತಿದ್ದ.

ಹೊಲಿಯುತ್ತೇನೆಂದು ಆಡಿದ ಮಾತು ಒಂದು ದಿನದಲ್ಲಿ ಕೊರಳಿಗೆ ಬಂದಿತ್ತು. ಭಟ್ಕಳದ ಬಟ್ಟೆ ಅಂಗಡಿಗೆ ಹೋಗಿ “ಕೆಂಪು ಮಖಮಲ್ಲು ಕೊಡಿ” ಎಂದಾಗ ಅಂಗಡಿಯ ಸಾಹೇಬರು ಎಷ್ಟು ಮೀಟರ್ ಎಂದು ಕೇಳಿದರು. ರಮಾನಂದ ಹೆಬ್ಬೆರಳು ತೋರಿಸಿದ. ಸಾಹೇಬರು ಆ ಬೆರಳನ್ನೂ ಅವನ ಮುಖವನ್ನೂ ನೋಡಿ, ಕತ್ತರಿಸಿ ಬಿದ್ದ ಒಂದು ತುಂಡನ್ನು ಹಾಗೆಯೇ ಕೊಟ್ಟು ಕಳಿಸಿದರು.

ಬಲೆ ಹೊಲಿದ ಕೈಯೆಂಬುದು ಸುಳ್ಳಾಗಿರಲಿಲ್ಲ, ತೊಂದರೆಯಾದದ್ದೇ ಅದರಿಂದ. ಅವನ ಕೈ ಬಲ್ಲದ್ದು ಬಲೆಯ ಗಂಟೊಂದೇ. ಮೊದಲ ಲೋಡಿನಲ್ಲಿ ತಾರ್ಲೆ ಮೀನು ಹಿಡಿಯುವುದಕ್ಕೆ ತಕ್ಕಷ್ಟು ಅಗಲದ ಕಣ್ಣುಗಳಿದ್ದು, ತುಂಬಿದ ಹತ್ತಿಯೆಲ್ಲ ಅವುಗಳಿಂದ ತಲೆ ಹಾಕಿ ಹೊರಗೆ ನೋಡಿತು. ಎರಡನೆಯದನ್ನು ಒತ್ತಾಗಿ ಹೊಲಿದು ಎದ್ದು ನಿಂತಾಗ ಅದು ಲುಂಗಿಯೊಂದಿಗೇ ಎದ್ದಿತು. ಲುಂಗಿಗೆ ತೂತಾದರೂ ಲೋಡು ಆಕಾರಕ್ಕೆ ಬಂತು. ಆದರೆ ಮೊಣಕೈಯ ಕೆಳಗಿಟ್ಟ ಕೂಡಲೇ ಹಗುರವಾದ ಲೋಡು ಉರುಳಿತು. ಬೆನ್ನಿಗೇ ದೊರೆಯೂ ಉರುಳಿದ.

ಲೋಡಿಗೆ ಭಾರ ಬೇಕೆಂದು ರಮಾನಂದನಿಗೆ ಹೊಳೆಯಿತು. ಭಾರವೆಂದರೆ ಮರಳು. ಮನೆಯ ಎದುರಿಗೇ ಸಮುದ್ರವಿದ್ದರೂ ಅದರ ಮರಳು ಆಗದು. ಉಪ್ಪಿಗೆ ತೇವ ಹಿಡಿದು ಮಖಮಲ್ಲು ಒದ್ದೆಯಾಗುತ್ತದೆ. ಹೊಳೆಯ ಮರಳೇ ಬೇಕು. ಅವನು ದಿನೇಶನ ಚಾ ಅಂಗಡಿಯಲ್ಲಿ ಕೂತು, ಹಿಂದೆ ಮನೆಗಳಿಗೆ ಮರಳು ಹೊಡೆಯುತ್ತಿದ್ದ ಟೆಂಪೋ ಹರೀಶನಿಗೆ ಫೋನು ಹಚ್ಚಿದ. ಆಚೆಯಿಂದ ಬಂದ ಮಾತುಗಳನ್ನು ಹರೀಶನೇ ನನಗೆ ಒದಗಿಸಿದ್ದಾನೆ. ಈಚೆಯ ಮಾತುಗಳಿಗೆ ಇಡೀ ಕಾಸರಕೋಡು ಸಾಕ್ಷಿ.

“ಹರೀಶ, ನಂಗೆ ಹೊಳೆ ಹೊಯ್ಗೆ ಬೇಕಿತ್ತು ಮಾರಾಯ. ಒಂದು ಲೋಡಿಗೆ.” ಮರಳಿಗೆ ಇಲ್ಲಿ ಹೊಯ್ಗೆ ಎನ್ನುತ್ತಾರೆ.

“ರಮಾನಂದಣ್ಣ, ಮೆತ್ತಗೆ ಹೇಳಿ. ಈಗ ಒಂದು ಹಿಡಿ ಹೊಯ್ಗೆನೂ ಸಿಗೂದಿಲ್ಲ.”

“ಒಂದು ಹಿಡಿನೇ ಸಾಕು.”

ಇದು ಗುಪ್ತ ಭಾಷೆಯೆಂದು ಹರೀಶ ಬಗೆದ. “ಯಾರಿಗೆ?”

“ದೊರೆಗೆ. ಭಾನುವಾರ ಕುಮಟಾಕ್ಕೆ ಹೋಗ್ಬೇಕು ಅವ. ಲೋಡು ಇಲ್ದೆ ಇದ್ರೆ ಎಲ್ಲರ ಎದ್ರಿಗೆ ಬೀಳ್ತ. ಅವ ಬಿದ್ರೆ ನಾನೂ ಬಿದ್ದೆ.”

ಹರೀಶ ದನಿ ತಗ್ಗಿಸಿದ. “ನನ್ನ ಹೆಸರು ಎಲ್ಲೂ ತೆಗೀಬೇಡಿ. ನಮ್ಮನೆ ತೆಂಗಿನ ಬುಡದಲ್ಲಿ ಹಳೇದು ಸ್ವಲ್ಪ ಬಿದ್ದದೆ. ತಕಂಡು ಹೋಗಿ, ನನ್ನ ಬಿಡಿ,” ಎಂದು ಫೋನಿಟ್ಟ.

ಚಾ ಅಂಗಡಿಯಲ್ಲಿ ತುಟಿಯ ಹತ್ತಿರ ಬಂದಿದ್ದ ಗ್ಲಾಸುಗಳು ಅಲ್ಲಲ್ಲೇ ನಿಂತಿದ್ದವು. ರಮಾನಂದನು ಎದ್ದು ಹೋದ ಮೇಲೆ ದೊರೆ ಯಾರೆಂಬ ಜಿಜ್ಞಾಸೆ ನಡೆಯಿತು. ಒಬ್ಬರು ಕಂಟ್ರಾಕ್ಟರನೆಂದರು. ಇನ್ನೊಬ್ಬರು, ಕಂಟ್ರಾಕ್ಟರು ಬೀಳುವುದಿಲ್ಲ, ಬೀಳುವವರು ಕುರ್ಚಿಯ ಮೇಲಿದ್ದವರು ಮಾತ್ರ ಎಂದರು. ದಿನೇಶನು “ನಂಗೆ ಗೊತ್ತು, ಹೆಸರು ಹೇಳೂದ್ ಬೇಡ” ಎಂದ. ಹೆಸರು ಅವನಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ರಮಾನಂದನು ಹರೀಶನ ಹಿತ್ತಲಿನಿಂದ ಊಟದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಬರುವುದು ಕಂಡಿತು. ಮಾದರಿ ತಂದಿದ್ದಾನೆಂದು ಎಲ್ಲರೂ ಒಪ್ಪಿದರು.

ಕಾಸರಕೋಡಿನಲ್ಲಿ ಆಗ ಅರ್ಧಕ್ಕೆ ನಿಂತ ಮನೆಗಳು ಬಹಳ. ಮೀನು ಮಾರುವ ಸುಬ್ಬಿಯ ಹೊಸ ಮನೆಗೆ ಮಾಡು ಏರಿತ್ತು, ಗೋಡೆಗೆ ಗಿಲಾವು ಆಗಿರಲಿಲ್ಲ. ಮಗ ಸಂಜಯನ ಮದುವೆ ಹತ್ತಿರ ಬಂದಿತ್ತು. ಸಾಯಂಕಾಲ ಅವಳು ಒಳ್ಳೆಯ ಬಂಗಡೆಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ರಮಾನಂದನ ಜಗಲಿಗೆ ಬಂದಳು. ಅವನು ಮರಳನ್ನು ತೊಳೆದು, ಬಾಣಲೆಯಲ್ಲಿ ಹುರಿದು, ಗೆರಸೆಯಲ್ಲಿ ಹರಡುತ್ತಿದ್ದ.

“ಇದೇ ಹೊಯ್ಗೆನಾ ಅಣ್ಣ?”

“ಇದೇ. ಕೈಲಿ ಹಿಡ್ದು ನೋಡು, ಸಕ್ಕರೆ ಹಾಂಗೆ ಅದೆ.”

“ನಂಗೂ ಒಂದು ಲೋಡು ಬೇಕಿತ್ತು. ಸಂಜಯನ ಮದುವೆಗೆ ಮುಂಚೆ ಆಗ್ಬೇಕು.”

ತನ್ನ ಹೊಲಿಗೆಯ ಕೀರ್ತಿ ಇಷ್ಟು ಬೇಗ ಹಬ್ಬಿತೇ ಎಂದು ರಮಾನಂದ ಒಳಗೊಳಗೇ ಉಬ್ಬಿದ. “ಮದುವೆಗೆ ಒಂದು ಸಾಕಾಗೂದಿಲ್ಲ ಸುಬ್ಬಿ. ಎರಡು ಬೇಕು. ಗಂಡಿಗೊಂದು, ಹೆಣ್ಣಿಗೊಂದು.”

“ಹೆಣ್ಣಿನ ಬದಿಯವರಿಗೆ ನಾ ಎಂತಕ್ಕೆ ಕೊಡ್ಲಿ?”

“ನೀ ಕೊಡ್ದಿದ್ರೆ ಹೆಣ್ಣು ಹೇಂಗೆ ಕೂರ್ತದೆ?”

ಬರುವ ಸೊಸೆಗೊಂದು ಕೋಣೆಯ ಮಾತಾಡುತ್ತಿದ್ದಾನೆಂದು ಸುಬ್ಬಿಗೆ ತೋರಿತು. “ಅದೂ ಹೌದು. ಎರಡೇ ಆಗ್ಲಿ.”

“ಕೆಂಪಾ, ಬಿಳಿದಾ?”

“ಕೆಂಪು ಬ್ಯಾಡ. ಕೆಂಪು ಅಂದ್ರೆ ಮಣ್ಣು ಸೇರ್ದ್ದು. ಬಿಳಿದೇ ಇರ್ಲಿ.”

“ಬಿಳಿದಾದ್ರೆ ಬೇಗ ಕೊಳೆ ಆಗ್ತದೆ ನೋಡು.”

“ಮೇಲಿಂದ ಸುಣ್ಣ ಬಳಿತೆ.”

ಲೋಡಿಗೆ ಸುಣ್ಣ ಬಳಿಯುವ ಪದ್ಧತಿಯನ್ನು ರಮಾನಂದನು ಕೇಳಿರಲಿಲ್ಲ. ಆದರೆ ಇನ್ನೊಬ್ಬರ ಮನೆಯ ಮದುವೆಯ ಶಾಸ್ತ್ರದಲ್ಲಿ ತಲೆಹಾಕುವುದು ಸಲ್ಲದೆಂದು ಸುಮ್ಮನಾದ. “ಆತು, ಮಾಡಿಕೊಡ್ತೆ,” ಎಂದ.

ಶುಕ್ರವಾರ ಊರಿನ ಉಳಿದವರೂ ಬಂದರು. ಯಾರಿಗೂ ಇಲ್ಲವೆನ್ನುವ ಸ್ವಭಾವ ಅವನದಲ್ಲ. ಕಾಸರಕೋಡಿನ ಜನ ಇದ್ದಕ್ಕಿದ್ದಂತೆ ಒರಗಿ ಕೂರಲು ಮನಸ್ಸು ಮಾಡಿದುದೇಕೆಂದು ಅವನು ವಿಚಾರ ಮಾಡಲಿಲ್ಲ. ಮನೆಯಲ್ಲಿ ಮೀನು ತುಂಬಿತು, ಬೆಕ್ಕಿಗೆ ಅಜೀರ್ಣವಾಯಿತು. ಕೊನೆಗೆ ಬಂದವನು ದಿನೇಶ. ಅವನ ಕಂಪೌಂಡ್ ಗೋಡೆ ಮೊಣಕಾಲೆತ್ತರಕ್ಕೆ ನಿಂತಿತ್ತು.

“ರಮಾನಂದಣ್ಣ, ನಂಗೊಂದು ಅರ್ಧ ಲೋಡಾದ್ರೂ.”

“ಅರ್ಧ ಲೋಡು ಅಂತ ಇರ್ತದನಾ? ಅರ್ಧಕ್ಕೆ ಕೊಯ್ದ್ರೆ ಒಳಗಿದ್ದದ್ದೆಲ್ಲ ಹೊರಗೆ ಬತ್ತದೆ.”

ದಿನೇಶ ಒಂದು ಹೆಜ್ಜೆ ಹಿಂದೆ ಸರಿದ. ಒಳಗಿದ್ದದ್ದೆಲ್ಲ ಹೊರಗೆ ಬರುತ್ತದೆಂದರೆ ಅದು ಬೆದರಿಕೆಯಲ್ಲದೆ ಇನ್ನೇನು? ರಮಾನಂದನು ಅಷ್ಟಕ್ಕೇ ನಿಲ್ಲಿಸಲಿಲ್ಲ. “ಅಷ್ಟಕ್ಕೂ ನಿಂಗೆ ಎಂತಕ್ಕೆ? ನೀ ಗಲ್ಲಾಪೆಟ್ಟಿಗೆಗೇ ತಲೆ ಕೊಟ್ಟು ನಿದ್ದೆ ಮಾಡುವವ.”

ಊರಿಗೆಲ್ಲ ಲೋಡು, ತನಗೊಬ್ಬನಿಗೆ ಬೈಗುಳ. ದಿನೇಶ ನೆಟ್ಟಗೆ ಅಂಗಡಿಗೆ ಹೋಗಿ, ಮರಳಿನ ಮೇಲೆ ಕಣ್ಣಿಡಲು ಹೊಸದಾಗಿ ಬಂದಿದ್ದ ಅಧಿಕಾರಿಗೆ ಫೋನು ಮಾಡಿದ.

ಆ ಅಧಿಕಾರಿಯ ಹೆಸರು ಶಿಶಿರ. ಗದಗಿನ ಕಡೆಯವರು. ಬಂದು ಇಷ್ಟು ದಿನವಾದರೂ ಒಂದು ಲೋಡೂ ಕೈಗೆ ಸಿಕ್ಕಿರಲಿಲ್ಲವೆಂದು ಮೇಲಿನವರು ಕೇಳುತ್ತಿದ್ದರು. ಭಾನುವಾರ ಬೆಳಿಗ್ಗೆ ಅವರ ಜೀಪು ಬಂದು ನಿಂತಾಗ ರಮಾನಂದನು ಬಿಳಿ ಅಂಗಿ ತೊಟ್ಟು ಕುಮಟಾಕ್ಕೆ ಹೊರಡುತ್ತಿದ್ದ. ಜೀಪಿನಿಂದ ಶಿಶಿರರೂ, ಕೈಚೀಲದಲ್ಲಿ ಅರಗು, ಮೇಣದ ಬತ್ತಿ, ಹಿತ್ತಾಳೆಯ ಮುದ್ರೆ ಹಿಡಿದ ಜವಾನ ಸೋಮನೂ ಇಳಿದರು. ಊರೇ ಅಂಗಳಕ್ಕೆ ಬಂತು.

“ಲೋಡ್ ಐತೇನ್ರಿ?”

“ಅದೆ ಸಾರ್.”

ಇಲ್ಲವೆನ್ನುವವರಿಗೆ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಶಿಶಿರರು ಸಿದ್ಧಮಾಡಿಕೊಂಡು ಬಂದಿದ್ದರು. ಇದೆಯೆನ್ನುವವರಿಗೆ ಏನು ಕೇಳಬೇಕೆಂದು ಕ್ಷಣಕಾಲ ತಿಳಿಯಲಿಲ್ಲ. “ಹೊಳೀ ಉಸುಕು?”

“ಹೊಳೆದೇ ಸಾರ್. ಸಮುದ್ರದ್ದು ನಾ ಹಾಕೂದಿಲ್ಲ.”

ಶಿಶಿರರು ಅಲ್ಲಿಂದಲೇ ಮೇಲಧಿಕಾರಿಗೆ ಫೋನು ಮಾಡಿ, ಒಂದು ಲೋಡು ಸಿಕ್ಕಿತೆಂದೂ ಮನುಷ್ಯ ಒಪ್ಪಿಕೊಂಡನೆಂದೂ ತಿಳಿಸಿದರು. ಬಳಿಕ ದನಿ ಗಟ್ಟಿ ಮಾಡಿಕೊಂಡರು. “ಯಾರಿಗೆ ಸಾಗಸ್ತಿದ್ರಿ?”

“ದೊರೆಗೆ.”

“ದೊರೆ ಎಲ್ಲಿದ್ದಾನ?”

“ಒಳಗೆ ಕೂತಾನೆ. ಹೊರಟು ತಯಾರಾಗಿ.”

ಅಂಗಳದವರು ಬಾಗಿಲಿನತ್ತ ಕತ್ತು ಚಾಚಿದರು. ಶಿಶಿರರು ಸೋಮನಿಗೆ ಹಿತ್ತಲ ಬಾಗಿಲಿಗೆ ಹೋಗಲು ಸನ್ನೆ ಮಾಡಿ, “ದೊರೆ, ಸುಮ್ಮನ ಹೊರಗ ಬಾ,” ಎಂದು ಕೂಗಿದರು.

“ಅವ ಬರೂದಿಲ್ಲ ಸಾರ್. ಎತ್ಕಂಡೇ ಬರ್ಬೇಕು.”

“ಯಾಕ, ಆರಾಮಿಲ್ಲೇನು?”

“ಕಾಲು ಮಡಚಿಯೇ ಮಾಡಿದ್ದು.”

ಹಿತ್ತಲಿನಿಂದ ನುಗ್ಗಿದ ಸೋಮನು ಒಳಗಿನಿಂದ ನಿಧಾನವಾಗಿ ಹೊರಬಂದ. ಅವನ ಒಂದು ಅಂಗೈಯಲ್ಲಿ ದೊರೆ ಕೂತಿದ್ದ. ಇನ್ನೊಂದರಲ್ಲಿ ಲೋಡು ಇತ್ತು. “ಸಾಹೇಬ್ರೆ, ಮಾಲು ಎರಡೂ ಇಲ್ಲಿ ಅದೆ,” ಎಂದ. ಅವನ ಮುಖದ ಮೇಲೆ ಯಾವ ಭಾವವೂ ಇರಲಿಲ್ಲ.

ಸುಬ್ಬಿ ಮುಂದೆ ಬಂದು ನೋಡಿದಳು. “ಅದು ನಂದಲ್ಲ. ನಾ ಹೇಳಿದ್ದು ಬಿಳಿದು.”

ಮೊದಲು ನಕ್ಕವರು ಯಾರೆಂಬ ಬಗ್ಗೆ ಪಾಠಾಂತರಗಳಿವೆ. ನಗದವರು ಶಿಶಿರರೆಂಬ ಬಗ್ಗೆ ಇಲ್ಲ. ಮೇಲಿನವರಿಗೆ ತಿಳಿಸಿಯಾಗಿತ್ತು. ಲೋಡಿಲ್ಲದೆ ಹಿಂದಿರುಗಿದರೆ ಬೇರೆ ಮರಳುಗಾಡಿಗೆ ವರ್ಗವಾದೀತು. ಅವರು ಜಗಲಿಯಲ್ಲಿ ಕೂತು ಪಂಚನಾಮೆ ಬರೆಸಿದರು: ‘ಕೆಂಪು ಹೊದಿಕೆಯುಳ್ಳ, ಪರವಾನಗಿಯಿಲ್ಲದ ಹೊಳೆಯ ಮರಳು ತುಂಬಿದ, ಒಂದು ಲೋಡು.’ ಸರಕಾರಿ ಬರವಣಿಗೆಗಳಲ್ಲಿ ಒಂದಕ್ಷರವೂ ಸುಳ್ಳಿಲ್ಲದ ಇಂಥದ್ದನ್ನು ನಾನು ಹೆಚ್ಚು ಕಂಡಿಲ್ಲ. ಸೋಮನು ಲೋಡಿಗೆ ದಾರ ಸುತ್ತಿ, ಅರಗು ಕರಗಿಸಿ, ಎರಡೂ ತುದಿಗೆ ಮುದ್ರೆ ಒತ್ತಿದ.

ರಮಾನಂದನ ದನಿ ಆಗ ಜೀವನದಲ್ಲಿ ಮೊದಲ ಬಾರಿಗೆ ಇಳಿಯಿತು. “ಸಾರ್, ಬೇಕಾದ್ರೆ ನನ್ನನ್ನೂ ಕಟ್ಟಿ ಮುದ್ರೆ ಹಾಕಿ. ಅವಳ ಹೆಸರು ಕಾಗದದಲ್ಲಿ ಅಚ್ಚಾಗಿದೆ. ಯಾರೂ ಇಷ್ಟು ವರ್ಷ ನೋಡ್ಲಿಲ್ಲ ಅವಳ ಗೊಂಬೆ. ಹತ್ತು ಗಂಟೆಗೆ ದೊರೆ ಅಲ್ಲಿ ಕೂರ್ಬೇಕು. ಲೋಡು ಇಲ್ದೆ ಇದ್ರೆ ಎಂತ ಆಗ್ತದೆ ನೋಡಿ.”

ದೊರೆಯನ್ನು ಜಗಲಿಯ ಮೇಲೆ ಕೂರಿಸಿದ. ದೊರೆ ಅಂಗಾತ ಬಿದ್ದ. ಶಿಶಿರರು ಅವನನ್ನು ಎತ್ತಿ ಕೂರಿಸಿದರು, ಮತ್ತೆ ಬಿದ್ದ. ಅವರು ಜಪ್ತಾದ ಲೋಡನ್ನು ಮೊಣಕೈಯ ಕೆಳಗಿಟ್ಟರು. ದೊರೆ ಕೂತ. ಗದ್ದ ಎತ್ತಿಕೊಂಡು, ಇಡೀ ಕಾಸರಕೋಡನ್ನು ಆಳುವವನಂತೆ ಕೂತ. ಶಿಶಿರರು ಬಹಳ ಹೊತ್ತು ಅದನ್ನೇ ನೋಡಿದರು.

“ಜಪ್ತಾದ ಮಾಲು ನನ್ನ ಕಣ್ಮುಂದನ ಇರಬೇಕು,” ಎಂದರು ಕೊನೆಗೆ. “ಕಣ್ಣು ಯಾವ ಊರಾಗ ಇರಬೇಕಂತ ಎಲ್ಲೂ ಬರದಿಲ್ಲ. ಜೀಪು ಹತ್ರಿ. ದೊರೀನ್ನ ಮುಂದ ಕೂಡ್ರಸ್ರಿ.”

ಕುಮಟಾದ ಸಭಾಭವನದ ಎದುರಿಗೆ ಸರಕಾರಿ ಜೀಪು ನಿಂತಾಗ ಮಹಿಳಾ ಮಂಡಳದವರು ಯಾರೋ ದೊಡ್ಡವರೆಂದು ಶಿಶಿರರಿಗೆ ಹಾರ ಹಾಕಿದರು. ಅವರು ತಾವು ಜಪ್ತಿಗೆ ಬಂದವರೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕೈಗೆ ದೀಪ ಹಚ್ಚುವ ಬತ್ತಿ ಬಂದಿತ್ತು. ದೀಪ ಹಚ್ಚಿದ ಮೇಲೆ ಅವರು ದೊರೆಯ ಪಕ್ಕದಲ್ಲಿ ನಿಂತು ಲೋಡಿನಿಂದ ಕಣ್ಣು ತೆಗೆಯಲಿಲ್ಲ. ಅಧಿಕಾರಿಯೇ ಕಾವಲು ನಿಂತ ಗೊಂಬೆಯನ್ನು ಜನ ಅದುವರೆಗೆ ಕಂಡಿರಲಿಲ್ಲ. ಕಸೂತಿಯ ಮೇಜು, ಅಂಚೆಚೀಟಿಯ ಮೇಜು ಎಲ್ಲವೂ ಖಾಲಿಯಾಗಿ, ಸಾಲು ಗಾಯತ್ರಿಯ ಮೇಜಿನಿಂದ ಬಾಗಿಲಾಚೆ ರಸ್ತೆಗೆ ಇಳಿಯಿತು. ಪವಿತ್ರಾ ಟೀಚರು ಕನ್ನಡಕ ಸರಿಪಡಿಸಿಕೊಂಡು ಲೋಡಿನ ತುದಿಯ ಅರಗನ್ನು ಪರೀಕ್ಷಿಸಿದರು.

“ಇದು ರಾಜಮುದ್ರೆ,” ಎಂದು ಸಭೆಗೆ ಘೋಷಿಸಿದರು. “ಎಂಥ ಸಂಗ್ರಹ ನೋಡಿ. ಲೋಡಿಗೂ ಮುದ್ರೆ ಇದೆ.”

ಸೋಮ ಕೆಮ್ಮಿದ. ಶಿಶಿರರು ಭವನದ ಮಾಡು ನೋಡಿದರು. ಬಹುಮಾನ ಗಾಯತ್ರಿಗೆ ಬಂತು.

ಜನ ಚದುರಿದ ಮೇಲೆ ಅವಳು ಲೋಡನ್ನು ಹತ್ತಿರದಿಂದ ನೋಡಿದಳು. “ನಂದು ನೀಲಿ ಇತ್ತು.”

“ಬೆಕ್ಕು,” ಎಂದ ರಮಾನಂದ.

“ಇದು ಬಲೆ ಗಂಟು.”

“ಹೌದು.”

ಅವನು ಬೈಗುಳಕ್ಕೆ ತಲೆ ತಗ್ಗಿಸಿ ಕಾದ. ಗಾಯತ್ರಿ ದೊರೆಯ ಬೆನ್ನ ಹಿಂದೆ ಕೈಯಾಡಿಸಿದಳು. ಅಲ್ಲಿ ಏನೂ ಇರಲಿಲ್ಲ. “ನೀಲಿ ಲೋಡಿಟ್ರೂ ಇವ ಯಾವತ್ತೂ ಬೀಳ್ತಿದ್ದ. ಕಪಾಟಿನ ಗೋಡೆಗೆ ಒರಗಿಸಿ, ಹಿಂದೊಂದು ಬೆಂಕಿಪೊಟ್ಟಣ ಇಡ್ತಿದ್ದೆ. ಇವತ್ತೇ ತನ್ನಷ್ಟಕ್ಕೆ ಕೂತದ್ದು.” ಲೋಡಿನ ಗಂಟೊಂದನ್ನು ಉಗುರಿನಿಂದ ಮುಟ್ಟಿ ಕೇಳಿದಳು, “ಲುಂಗಿ ಎಷ್ಟು ತೂತಾತು?”

“ಒಂದೇ.”

“ತನ್ನಿ, ಹೊಲಿದು ಕೊಡ್ತೆ.”

ಇನ್ನು ಉಳಿದದ್ದು ಸುಬ್ಬಿಯ ಮಾತು. ಕೊಟ್ಟ ಬಂಗಡೆಗಳನ್ನು ಅವಳು ಮರೆಯುವವಳಲ್ಲ. “ಎರಡು ಬಿಳೀ ಲೋಡು ಹೇಳಿದ್ದೆ, ಎರಡು ಬರ್ಬೇಕು,” ಎಂದು ಜಗಲಿಯಲ್ಲಿ ಕೂತಳು. ರಮಾನಂದನು ಮಾತಿಗೆ ತಪ್ಪಲಿಲ್ಲ. ಗಾಯತ್ರಿ ಬಟ್ಟೆ ಕತ್ತರಿಸಿದಳು, ಅವನು ಗಂಟು ಹಾಕಿದ. ಸಂಜಯನ ಮದುವೆ ಗಿಲಾವಿಲ್ಲದ ಮನೆಯಲ್ಲೇ ಆಯಿತು. ಗೋಡೆಯ ಚಿರೆಕಲ್ಲು ಒರಗಿದವರ ಬೆನ್ನನ್ನೆಲ್ಲ ಕೆಂಪು ಮಾಡಿ ಗೀರುತ್ತಿತ್ತು. ಗಂಡು ಹೆಣ್ಣು ಮಾತ್ರ ಎರಡು ದೊಡ್ಡ ಬಿಳಿ ಲೋಡುಗಳಿಗೆ ಒರಗಿ ಸುಖವಾಗಿ ಕೂತಿದ್ದರು.

ನಾನು ಕಥೆ ಕೇಳಲು ಹೋದಾಗಲೂ ಆ ಗೋಡೆ ಹಾಗೆಯೇ ಇತ್ತು. ಸುಬ್ಬಿ ನನ್ನ ಬೆನ್ನಿಗೆ ಒಂದು ಬಿಳಿ ಲೋಡು ಕೊಟ್ಟು, ಲಾರಿಯೂ ಹಡಗೂ ಇಲ್ಲದ ಈ ಪಾಠವನ್ನು ಹೇಳಿದಳು. ಮುಗಿದ ಮೇಲೆ ಎದ್ದು ನಿಂತೆ. ನನ್ನ ಅಂಗಿ ಲೋಡಿನ ಒಂದು ಸಡಿಲ ಬಲೆಗಂಟಿಗೆ ಸಿಕ್ಕಿ, ಲೋಡೂ ನನ್ನೊಂದಿಗೇ ಎದ್ದಿತು.

“ಕೂತ್ಕಣಿ,” ಎಂದಳು ಸುಬ್ಬಿ. “ಅದು ಹಾಂಗೆಲ್ಲ ಬಿಡೂದಿಲ್ಲ. ಊಟ ಮಾಡ್ಕಂಡೇ ಹೋಗಿ.”